ಶುಕ್ರವಾರದ ಮೇಜು: ರಬ್ಬಿ ಜೊನಾಥನ್ ಸ್ಯಾಕ್ಸ್ ಕಂಡ ಮನೆ, ಮಕ್ಕಳು, ನೆರೆಹೊರೆ



ಲಂಡನ್ ನಗರದ ವಾಯವ್ಯಕ್ಕೆ ಗೋಲ್ಡರ್ಸ್ ಗ್ರೀನ್ ಎಂಬ ಬಡಾವಣೆ ಇದೆ. ಅದರ ಪಕ್ಕದಲ್ಲೇ ಹೆಂಡನ್. ಎರಡರಲ್ಲೂ ಯೆಹೂದಿ ಕುಟುಂಬಗಳು ಹೆಚ್ಚು. ಡಿಸೆಂಬರ್ ತಿಂಗಳ ಒಂದು ಶುಕ್ರವಾರವನ್ನು ಕಲ್ಪಿಸಿಕೊಳ್ಳಿ. ಅಲ್ಲಿ ಚಳಿಗಾಲದಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಹಾಗಾಗಿ ಮಧ್ಯಾಹ್ನಕ್ಕೇ ಗಡಿಬಿಡಿ. ಬೇಕರಿಯ ಮುಂದೆ ಜನ ಸಾಲುಗಟ್ಟಿ ನಿಂತಿರುತ್ತಾರೆ. ಮನೆಮನೆಗೂ ಹಲ್ಲಾ ಎಂಬ ಜಡೆ ಹೆಣೆದ ಬ್ರೆಡ್ಡು ಎರಡೆರಡು ಬೇಕು. ಕಚೇರಿಗೆ ಹೋದವರು ಅರ್ಧ ದಿನಕ್ಕೇ ಹೊರಟು ಬರುತ್ತಾರೆ. ಅಡುಗೆ ಮುಗಿಯಬೇಕು. ಮಕ್ಕಳ ಸ್ನಾನ ಆಗಬೇಕು. ಸೂರ್ಯಾಸ್ತಕ್ಕೆ ಇನ್ನು 18 ನಿಮಿಷ ಇದೆ ಎನ್ನುವಾಗ ಮನೆಯ ಗೃಹಿಣಿ ಮೇಣದ ಬತ್ತಿಗಳನ್ನು ಹಚ್ಚುತ್ತಾಳೆ. ಎರಡೂ ಕೈಗಳಿಂದ ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಹೇಳುತ್ತಾಳೆ.

ಅಲ್ಲಿಗೆ ಸಬ್ಬತ್, ಅಂದರೆ ಯೆಹೂದಿಗಳ ವಾರದ ವಿಶ್ರಾಂತಿಯ ದಿನ, ಆರಂಭ. ಮರುದಿನ ಕತ್ತಲಾಗಿ ನಕ್ಷತ್ರ ಕಾಣುವವರೆಗೆ, ಅಂದರೆ ಸುಮಾರು 25 ಗಂಟೆಗಳ ಕಾಲ, ಆ ಮನೆಯಲ್ಲಿ ಫೋನ್ ಎತ್ತುವವರಿಲ್ಲ. ಕಾರು ಹೊರಡುವುದಿಲ್ಲ. ಟೀವಿ ಮಾತಾಡುವುದಿಲ್ಲ. ಒಲೆ ಹೊತ್ತಿಸುವಂತಿಲ್ಲ, ದುಡ್ಡು ಮುಟ್ಟುವಂತಿಲ್ಲ, ಬರೆಯುವಂತಿಲ್ಲ.

ಇದನ್ನು ಹೊರಗಿನಿಂದ ಕೇಳಿದರೆ ಬರೀ ನಿಷೇಧಗಳ ಪಟ್ಟಿ ಅನ್ನಿಸಬಹುದು. ಒಬ್ಬ ರಬ್ಬಿ, ಅಂದರೆ ಯೆಹೂದಿ ಧರ್ಮಗುರು, ತಮ್ಮ ಬದುಕಿನ ಬಹುಪಾಲನ್ನು ಈ ಪಟ್ಟಿಯ ಒಳಗೆ ಏನಿದೆ ಎಂದು ಹೇಳುವುದರಲ್ಲಿ ಕಳೆದರು. ಅವರ ಹೆಸರು ಜೊನಾಥನ್ ಸ್ಯಾಕ್ಸ್. 1991ರಿಂದ 2013ರವರೆಗೆ ಬ್ರಿಟನ್ನಿನ ಮುಖ್ಯ ರಬ್ಬಿ. ತತ್ತ್ವಶಾಸ್ತ್ರದ ವಿದ್ವಾಂಸರು, ಹತ್ತಾರು ಪುಸ್ತಕಗಳ ಲೇಖಕರು. ಬಿಬಿಸಿಯ ಕೇಳುಗರಿಗೆ ಅವರು ಮೊದಲು ಒಂದು ದನಿ. ಬೆಳಗಿನ ಸುದ್ದಿಯ ನಡುವೆ ಮೂರು ನಿಮಿಷಕ್ಕಿಂತ ಕಡಿಮೆ ಹೊತ್ತಿನ ಒಂದು ಚಿಂತನ ಬರುತ್ತದೆ. ಅದರಲ್ಲಿ ವರ್ಷಗಳ ಕಾಲ ಆ ದನಿ ಕೇಳಿಬಂತು. ನಂಬಿಕೆ ಇರುವವರೂ ಕೇಳಿದರು, ಇಲ್ಲದವರೂ ಕೇಳಿದರು.

ಅವರು ಹೇಳುತ್ತಾ ಬಂದದ್ದು ಮುಖ್ಯವಾಗಿ ಒಂದೇ ಮಾತು. ಯೆಹೂದಿ ನಂಬಿಕೆ ಉಳಿದದ್ದು ಊಟದ ಮೇಜಿನ ಸುತ್ತ. ಗೊತ್ತಾದ ಹೊತ್ತಿಗೆ, ಗೊತ್ತಾದ ಕೆಲಸವನ್ನು, ಮನೆಯವರೆಲ್ಲ ಸೇರಿ ಮಾಡಿದ್ದರಿಂದ ಅದು ಉಳಿಯಿತು. ಇವತ್ತಿನ ಈ ಭಾಷಣ ಆ ಒಂದು ಮಾತಿನ ಸುತ್ತ.

ಮೊದಲು ಹಿನ್ನೆಲೆ. ಜಗತ್ತಿನಲ್ಲಿ ಯೆಹೂದಿಗಳ ಸಂಖ್ಯೆ ಒಂದೂವರೆ ಕೋಟಿಗಿಂತ ತುಸು ಹೆಚ್ಚು. ಕರ್ನಾಟಕದ ಜನಸಂಖ್ಯೆಯ ಕಾಲು ಭಾಗದಷ್ಟು ಎಂದುಕೊಳ್ಳಿ. ಇಂಗ್ಲೆಂಡ್ ಮತ್ತು ವೇಲ್ಸ್ ಎರಡೂ ಸೇರಿ ಎರಡೂಮುಕ್ಕಾಲು ಲಕ್ಷದ ಆಸುಪಾಸು. ಕ್ರಿಸ್ತಶಕ 70ರಲ್ಲಿ ರೋಮನ್ ಸೈನ್ಯ ಜೆರೂಸಲೇಮಿನ ದೇವಾಲಯವನ್ನು ಕೆಡವಿತು. ಅಲ್ಲಿಯವರೆಗೆ ಬಲಿ, ಯಾಜಕ, ಯಾತ್ರೆ ಎಲ್ಲವೂ ಆ ಒಂದು ಕಟ್ಟಡಕ್ಕೆ ಸೇರಿದ್ದವು. ಕಟ್ಟಡ ಹೋಯಿತು. ಯೋಹಾನಾನ್ ಬೆನ್ ಜಕ್ಕಾಯ್ ಎಂಬ ಗುರು ಮುತ್ತಿಗೆಯ ನಡುವೆಯೇ ನಗರದಿಂದ ಹೊರಬಂದು ರೋಮನ್ ಸೇನಾಪತಿಯನ್ನು ಕಂಡರು ಎಂದು ಯೆಹೂದಿಗಳ ಶಾಸ್ತ್ರಗ್ರಂಥ ತಾಲ್ಮುದ್ ಹೇಳುತ್ತದೆ. ಅವರು ಬೇಡಿದ್ದು ಯಾವ್ನೆ ಎಂಬ ಪುಟ್ಟ ಊರನ್ನು, ಅಲ್ಲಿನ ವಿದ್ವಾಂಸರನ್ನು. ಅಲ್ಲಿ ಪಾಠ ಮುಂದುವರಿಯಿತು. ಬಲಿಪೀಠದ ಜಾಗಕ್ಕೆ ಮನೆಯ ಮೇಜು ಬಂತು ಎಂದು ರಬ್ಬಿಗಳು ಬೋಧಿಸಿದರು. ರಾಜನಿಲ್ಲ, ಸೈನ್ಯವಿಲ್ಲ, ಸ್ವಂತ ನೆಲವಿಲ್ಲ. ಹೀಗೆ ಸಾವಿರದ ಎಂಟುನೂರಕ್ಕೂ ಹೆಚ್ಚು ವರ್ಷ ಆ ಜನ ಮೇಜು, ಪುಸ್ತಕ, ಶಾಲೆ ಇವಿಷ್ಟನ್ನೇ ಹಿಡಿದುಕೊಂಡು ಬಂದರು.

ಸ್ಯಾಕ್ಸ್ ಹುಟ್ಟಿದ್ದು 1948ರ ಮಾರ್ಚ್‌ನಲ್ಲಿ, ಲಂಡನ್ನಿನಲ್ಲಿ. ತಂದೆ ಲೂಯಿ ಸ್ಯಾಕ್ಸ್ ಚಿಕ್ಕವರಿದ್ದಾಗ ಪೋಲೆಂಡಿನಿಂದ ವಲಸೆ ಬಂದವರು. ಮನೆಯ ಬಡತನದಿಂದಾಗಿ 14ನೇ ವಯಸ್ಸಿಗೆ ಶಾಲೆ ಬಿಟ್ಟರು. ಲಂಡನ್ನಿನ ಪೂರ್ವಭಾಗದಲ್ಲಿ ಬಟ್ಟೆ ವ್ಯಾಪಾರ ಮಾಡಿದರು. ನಾಲ್ವರು ಗಂಡುಮಕ್ಕಳು. ಜೊನಾಥನ್ ಹಿರಿಯವರು. ಓದಿದ್ದು ಕ್ರೈಸ್ತರ ಪ್ರಾಥಮಿಕ ಶಾಲೆಯಲ್ಲಿ. ಪ್ರಾರ್ಥನೆ ಮುಗಿಸಿ ಯೆಹೂದಿಗಳ ಪ್ರಾರ್ಥನಾಮಂದಿರವಾದ ಸಿನಗಾಗ್‌ನಿಂದ ಮನೆಗೆ ನಡೆದು ಬರುವಾಗ ಹುಡುಗ ಅಪ್ಪನನ್ನು ಪ್ರಶ್ನೆ ಕೇಳುತ್ತಿದ್ದ. ಇದನ್ನು ಯಾಕೆ ಮಾಡುತ್ತೇವೆ, ಅದನ್ನು ಯಾಕೆ ಹೇಳುತ್ತೇವೆ ಎಂದು. ಅಪ್ಪ ಪ್ರತಿಸಲವೂ ಒಂದೇ ಉತ್ತರ ಕೊಡುತ್ತಿದ್ದರಂತೆ. ನನಗೆ ಓದು ಸಿಗಲಿಲ್ಲ, ಹಾಗಾಗಿ ನಿನ್ನ ಪ್ರಶ್ನೆಗೆ ಉತ್ತರ ಗೊತ್ತಿಲ್ಲ, ಆದರೆ ಒಂದು ದಿನ ನೀನು ಓದುತ್ತೀಯ, ಆಗ ನೀನೇ ನನಗೆ ಕಲಿಸು ಎಂದು.

ಸ್ಯಾಕ್ಸ್ ಈ ಪ್ರಸಂಗವನ್ನು ಹಲವು ವೇದಿಕೆಗಳಲ್ಲಿ ಹೇಳಿದ್ದಾರೆ. ಗೊತ್ತಿಲ್ಲ ಎಂದು ಮಗನ ಎದುರು ಒಪ್ಪಿಕೊಳ್ಳುವ ತಂದೆ, ಮಗನಿಗೆ ಕಲಿಸುವ ಹಕ್ಕನ್ನೂ ಕೊಟ್ಟುಬಿಡುವ ತಂದೆ. ಇದಕ್ಕಿಂತ ದೊಡ್ಡ ಉಡುಗೊರೆ ತನಗೆ ಸಿಗಲಿಲ್ಲ ಎಂಬ ಭಾವ ಅವರಲ್ಲಿ ಕೊನೆಯವರೆಗೆ ಇತ್ತು.

ಆ ಹುಡುಗ ಕೇಂಬ್ರಿಜ್ ಸೇರಿ ತತ್ತ್ವಶಾಸ್ತ್ರ ಓದಿದ. ಅಲ್ಲಿ ದೇವರನ್ನು ನಂಬುವವರು ಕಡಿಮೆ. 1967ರಲ್ಲಿ ಇಸ್ರೇಲ್ ಮತ್ತು ನೆರೆಯ ದೇಶಗಳ ನಡುವೆ ಆರು ದಿನಗಳ ಯುದ್ಧ ನಡೆಯಿತು. ತಮ್ಮ ಜನ ಇನ್ನೊಮ್ಮೆ ಅಳಿದುಹೋಗಬಹುದೇ ಎಂಬ ಭಯ ಆ ದಿನಗಳಲ್ಲಿ ಯುವಕರನ್ನು ಕಾಡಿತು. ಮರುವರ್ಷದ ಬೇಸಿಗೆಯಲ್ಲಿ 20 ವರ್ಷದ ಸ್ಯಾಕ್ಸ್ ಅಮೆರಿಕಕ್ಕೆ ಹೋದರು. ಬಸ್ಸಿನಲ್ಲಿ ಊರೂರು ಸುತ್ತಿ ರಬ್ಬಿಗಳನ್ನು ಭೇಟಿಯಾಗಿ ಪ್ರಶ್ನೆ ಕೇಳುವುದು ಅವರ ಉದ್ದೇಶ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಲುಬಾವಿಚ್ ಪಂಥದ ಗುರು ಮೆನಾಖೆಮ್ ಮೆಂಡೆಲ್ ಷ್ನೀಯರ್‌ಸನ್ ಇದ್ದರು. ಅವರ ದರ್ಶನಕ್ಕೆ ಸಮಯ ಸಿಕ್ಕಿತು ಎಂದು ತಿಳಿದಾಗ ಸ್ಯಾಕ್ಸ್ ಇದ್ದದ್ದು ಲಾಸ್ ಏಂಜಲೀಸ್‌ನಲ್ಲಿ, ದೇಶದ ಇನ್ನೊಂದು ತುದಿಯಲ್ಲಿ. ಮೂರು ದಿನ ಬಸ್ಸಿನಲ್ಲಿ ಕುಳಿತು ಬಂದರು.

ತತ್ತ್ವದ ಪ್ರಶ್ನೆಗಳಿಗೆ ಗುರು ಉತ್ತರ ಕೊಟ್ಟರು. ಆಮೇಲೆ ಅವರೇ ಪ್ರಶ್ನೆ ಕೇಳತೊಡಗಿದರು. ಕೇಂಬ್ರಿಜ್‌ನಲ್ಲಿ ಯೆಹೂದಿ ವಿದ್ಯಾರ್ಥಿಗಳು ಎಷ್ಟು ಮಂದಿ? ಅವರಲ್ಲಿ ಸಮುದಾಯದ ಬದುಕಿಗೆ ಬರುವವರು ಎಷ್ಟು? ಉಳಿದವರನ್ನು ಕರೆತರಲು ನೀನು ಏನು ಮಾಡುತ್ತಿದ್ದೀಯ? ನಾನಿರುವ ಪರಿಸ್ಥಿತಿಯಲ್ಲಿ ಎಂದು ಸ್ಯಾಕ್ಸ್ ಏನೋ ಹೇಳಲು ಹೊರಟರು. ಗುರು ಅಲ್ಲಿಗೇ ತಡೆದರು. ಪರಿಸ್ಥಿತಿ ತಾನಾಗಿ ಬಂದು ಯಾರನ್ನೂ ಹಿಡಿದುಕೊಳ್ಳುವುದಿಲ್ಲ, ಅದರೊಳಗೆ ಹೋದವನು ನೀನು, ಬೇರೊಂದು ಪರಿಸ್ಥಿತಿಗೆ ಹೋಗುವುದೂ ನಿನ್ನ ಕೈಯಲ್ಲೇ ಇದೆ ಎಂಬ ಅರ್ಥದ ಮಾತು ಹೇಳಿದರು. ತನ್ನ ಜೀವನ ತಿರುಗಿದ್ದು ಆ ಗಳಿಗೆಯಲ್ಲಿ ಎಂದು ಸ್ಯಾಕ್ಸ್ ಬರೆದಿದ್ದಾರೆ. ಮುಂದೆ ಅವರು ರಬ್ಬಿಯಾದರು. ಗೋಲ್ಡರ್ಸ್ ಗ್ರೀನ್‌ನ ಸಿನಗಾಗ್‌ನಲ್ಲಿ ಸೇವೆ ಸಲ್ಲಿಸಿದರು. 43ನೇ ವಯಸ್ಸಿಗೆ ಮುಖ್ಯ ರಬ್ಬಿಯ ಪೀಠಕ್ಕೆ ಬಂದರು.

ಕೇಳುಗರೇ, ಇಲ್ಲಿಯವರೆಗೆ ಮನುಷ್ಯನ ಪರಿಚಯವಾಯಿತು. ಅಪ್ಪ ಮಗನಿಗೆ ಪ್ರಶ್ನೆ ಕೇಳಲು ಬಿಟ್ಟದ್ದು, ಗುರು ಶಿಷ್ಯನ ಮೇಲೆ ಜವಾಬ್ದಾರಿ ಹೊರಿಸಿದ್ದು, ಇವೆರಡನ್ನು ನೆನಪಿಡಿ. ಈಗ ಶುಕ್ರವಾರದ ಮೇಜಿಗೆ ಬರೋಣ.

ದೀಪ ಹಚ್ಚಿದ ಮೇಲೆ ಸಿನಗಾಗ್‌ನಲ್ಲಿ ಪ್ರಾರ್ಥನೆ. ಅಲ್ಲಿಂದ ಎಲ್ಲರೂ ನಡೆದು ಮನೆಗೆ ಬರುತ್ತಾರೆ. ಮೇಜಿನ ಮೇಲೆ ಬಿಳಿಯ ಬಟ್ಟೆ, ಒಂದು ಲೋಟ ದ್ರಾಕ್ಷಾರಸ, ಬಟ್ಟೆ ಹೊದಿಸಿದ ಎರಡು ಹಲ್ಲಾ. ಊಟಕ್ಕೆ ಮೊದಲು ಒಂದು ಹಾಡು. ಬೈಬಲಿನ ಜ್ಞಾನೋಕ್ತಿಗಳ ಪುಸ್ತಕದ ಕೊನೆಯ ಅಧ್ಯಾಯದಲ್ಲಿ ಗುಣವತಿಯಾದ ಗೃಹಿಣಿಯ ವರ್ಣನೆ ಇದೆ. ಅದನ್ನು ಗಂಡ ಹೆಂಡತಿಯ ಎದುರು, ಮಕ್ಕಳ ಎದುರು ಹಾಡುತ್ತಾನೆ. ಆಮೇಲೆ ತಂದೆ ತಾಯಿ ಒಬ್ಬೊಬ್ಬ ಮಗುವಿನ ತಲೆಯ ಮೇಲೂ ಕೈಯಿಟ್ಟು ಹರಸುತ್ತಾರೆ. ಹೆಣ್ಣುಮಕ್ಕಳಿಗೆ ಸಾರಾ, ರೆಬೆಕ್ಕ, ರಾಹೇಲ, ಲೇಯಾ ಇವರಂತಾಗು ಎಂದು. ಗಂಡುಮಕ್ಕಳಿಗೆ ಎಫ್ರಾಯೀಮ್ ಮತ್ತು ಮನಸ್ಸೆಯಂತಾಗು ಎಂದು.

ಅಬ್ರಹಾಮನಂತಾಗು, ಮೋಶೆಯಂತಾಗು ಎನ್ನುವುದಿಲ್ಲ. ಅಷ್ಟು ದೊಡ್ಡ ಹೆಸರುಗಳನ್ನು ಬಿಟ್ಟು ಯೋಸೇಫನ ಇಬ್ಬರು ಮಕ್ಕಳನ್ನು ಏಕೆ ಆರಿಸಿದರು? ಬೈಬಲಿನ ಮೊದಲ ಪುಸ್ತಕ ಆದಿಕಾಂಡ ಓದಿದವರಿಗೆ ಗೊತ್ತು. ಅದರ ತುಂಬ ಅಣ್ಣತಮ್ಮಂದಿರ ಜಗಳ. ಕಾಯಿನ ಹೇಬೆಲನನ್ನು ಕೊಂದ. ಯಾಕೋಬನೂ ಏಸಾವನೂ ಹಕ್ಕಿಗಾಗಿ ಹೋರಾಡಿದರು. ಯೋಸೇಫನನ್ನು ಅವನ ಅಣ್ಣಂದಿರೇ ಮಾರಿದರು. ಎಫ್ರಾಯೀಮ್ ಮತ್ತು ಮನಸ್ಸೆಯ ವಿಷಯ ಬೇರೆ. ಅಜ್ಜ ಯಾಕೋಬ ಕಿರಿಯನ ತಲೆಯ ಮೇಲೆ ಬಲಗೈ ಇಟ್ಟ. ಆದರೂ ಹಿರಿಯ ಮುನಿಯಲಿಲ್ಲ. ಪರಂಪರೆ ಕೊಡುವ ವಿವರಣೆ ಇದು. ಸ್ಯಾಕ್ಸ್ 2015ರಲ್ಲಿ ಧರ್ಮದ ಹೆಸರಿನ ಹಿಂಸೆಯ ಬಗ್ಗೆ ಒಂದು ಪುಸ್ತಕ ಬರೆದರು. ಅದರ ತಿರುಳೂ ಆದಿಕಾಂಡದ ಈ ಅಣ್ಣತಮ್ಮಂದಿರೇ. ಕ್ರೈಸ್ತ, ಮುಸ್ಲಿಂ, ಯೆಹೂದಿ ಮೂವರೂ ಒಬ್ಬನೇ ತಂದೆಯ ಪ್ರೀತಿಗೆ ಜಗಳವಾಡುವ ಮಕ್ಕಳಂತೆ ನಡೆದುಕೊಂಡಿದ್ದಾರೆ, ಆ ಕಥೆಗಳನ್ನೇ ಸರಿಯಾಗಿ ಓದಿದರೆ ದೇವರು ಒಬ್ಬನನ್ನು ಆರಿಸಿ ಇನ್ನೊಬ್ಬನನ್ನು ತಳ್ಳಿಬಿಡುವುದಿಲ್ಲ ಎಂಬುದು ಕಾಣುತ್ತದೆ ಎಂಬುದು ಅವರ ವಾದ. ವಾರವಾರವೂ ಮಗುವಿನ ಕಿವಿಗೆ ಬೀಳುವ ಎರಡು ಹೆಸರುಗಳಲ್ಲಿ ಆ ಪಾಠ ಮೊದಲೇ ಇತ್ತು.

ಸಬ್ಬತ್ತಿನ ಬಗ್ಗೆ ಅವರು ಹೇಳುತ್ತಿದ್ದ ಒಂದು ಪ್ರಸಂಗ ತುಂಬ ಹೆಸರಾಗಿದೆ. ಬಿಬಿಸಿಯ ಒಂದು ಕಾರ್ಯಕ್ರಮಕ್ಕಾಗಿ ಅವರು ಪೆನೆಲೊಪ್ ಲೀಚ್ ಅವರನ್ನು ಯೆಹೂದಿ ಶಾಲೆಯೊಂದಕ್ಕೆ ಕರೆದುಕೊಂಡು ಹೋದರು. ಲೀಚ್ ಮಕ್ಕಳ ಪಾಲನೆಯ ವಿಷಯದಲ್ಲಿ ಬ್ರಿಟನ್ನಿನ ಪ್ರಸಿದ್ಧ ಲೇಖಕಿ. ಅವರು ಯೆಹೂದಿ ಅಲ್ಲ. ಶುಕ್ರವಾರ ಬೆಳಿಗ್ಗೆ ಐದು ವರ್ಷದ ಮಕ್ಕಳು ಸಬ್ಬತ್ ಆಟ ಆಡುತ್ತಿದ್ದರು. ಒಬ್ಬಳು ಅಮ್ಮ, ಒಬ್ಬ ಅಪ್ಪ, ಅಜ್ಜ ಅಜ್ಜಿಯೂ ಐದು ವರ್ಷದವರೇ. ದೀಪ, ಆಶೀರ್ವಾದ, ಹಾಡು ಎಲ್ಲವೂ ನಡೆಯಿತು. ಲೀಚ್ ಒಬ್ಬ ಹುಡುಗನನ್ನು ಮಾತಾಡಿಸಿದರು. ಸಬ್ಬತ್ತಿನಲ್ಲಿ ನಿನಗೆ ಯಾವುದು ಇಷ್ಟವಿಲ್ಲ ಎಂದು ಕೇಳಿದರು. ಟೀವಿ ನೋಡುವಂತಿಲ್ಲ ಎಂದ. ಯಾವುದು ಇಷ್ಟ ಎಂದು ಕೇಳಿದರು. ಅವತ್ತೊಂದು ದಿನ ಅಪ್ಪ ಅವಸರ ಮಾಡಿಕೊಂಡು ಓಡಿಹೋಗುವುದಿಲ್ಲ ಎಂದ. ಹೊರಗೆ ಬಂದ ಮೇಲೆ ಲೀಚ್ ಸ್ಯಾಕ್ಸ್ ಅವರಿಗೆ ಹೇಳಿದರಂತೆ, ನಿಮ್ಮ ಸಬ್ಬತ್ ಈ ಮಕ್ಕಳ ಅಪ್ಪ ಅಮ್ಮಂದಿರ ದಾಂಪತ್ಯವನ್ನು ಕಾಯುತ್ತಿದೆ ಎಂದು. 2014ರ ನವೆಂಬರ್‌ನಲ್ಲಿ ವ್ಯಾಟಿಕನ್‌ನಲ್ಲಿ ಮದುವೆ ಮತ್ತು ಕುಟುಂಬದ ಬಗ್ಗೆ ಹಲವು ಧರ್ಮಗಳ ಸಮ್ಮೇಳನ ನಡೆಯಿತು. ಪೋಪ್ ಫ್ರಾನ್ಸಿಸ್ ಅದನ್ನು ಉದ್ಘಾಟಿಸಿದ್ದರು. ಆ ಸಭೆಯಲ್ಲೂ ಸ್ಯಾಕ್ಸ್ ಈ ಹುಡುಗನ ಮಾತನ್ನೇ ಹೇಳಿದರು.

ಆ ಐದು ವರ್ಷದವನಿಗೆ ವಿಷಯ ತಿಳಿದಿತ್ತು. ನಿಷೇಧವೂ ಬಿಡುಗಡೆಯೂ ಒಂದೇ ನಿಯಮದಿಂದ ಬರುತ್ತವೆ. ಫೋನ್ ಎತ್ತಿದರೂ ಆಗುತ್ತದೆ, ಬಿಟ್ಟರೂ ಆಗುತ್ತದೆ ಎಂದಿದ್ದರೆ ಅಪ್ಪ ಎತ್ತುತ್ತಿದ್ದ. ಸಬ್ಬತ್ತಿನಲ್ಲಿ ಮಾಡಬಾರದ ಕೆಲಸಗಳನ್ನು ಹಳೆಯ ರಬ್ಬಿಗಳು 39 ಬಗೆಗಳಾಗಿ ವಿಂಗಡಿಸಿದ್ದಾರೆ. ಉಳುವುದು, ಬಿತ್ತುವುದು, ಹೊಲಿಯುವುದು, ಬೆಂಕಿ ಹೊತ್ತಿಸುವುದು, ಹೀಗೆ. ಎಲ್ಲವೂ ಮನುಷ್ಯ ಲೋಕವನ್ನು ತನಗೆ ಬೇಕಾದಂತೆ ಬದಲಿಸುವ ಕೆಲಸಗಳು. ವಾರಕ್ಕೊಂದು ದಿನ ಬದಲಿಸುವುದನ್ನು ನಿಲ್ಲಿಸಬೇಕು. ಧಣಿ ನಿಲ್ಲಿಸಬೇಕು, ಆಳು ನಿಲ್ಲಿಸಬೇಕು, ಎತ್ತು ಕತ್ತೆಗೂ ಬಿಡುವು ಕೊಡಬೇಕು ಎಂದು ದಶಾಜ್ಞೆಗಳಲ್ಲೇ ಇದೆ. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಗುಲಾಮರಾಗಿದ್ದ ಪೂರ್ವಜರ ನೆನಪು ಅದರ ಹಿಂದಿದೆ. ಗುಲಾಮನಿಗೆ ರಜೆ ಇರುವುದಿಲ್ಲ.

ನಮ್ಮ ದೇಶದಲ್ಲೂ ಇದಕ್ಕೆ ಒಂದು ನಿದರ್ಶನ ಇದೆ. ಕೊಂಕಣ ಕರಾವಳಿಯಲ್ಲಿ, ಮುಂಬಯಿಯ ದಕ್ಷಿಣಕ್ಕೆ, ಬೆನೆ ಇಸ್ರೇಲ್ ಎಂಬ ಯೆಹೂದಿಗಳು ಶತಮಾನಗಳಿಂದ ಇದ್ದರು. ಗಾಣದಿಂದ ಎಣ್ಣೆ ತೆಗೆಯುವುದು ಅವರ ಕಸುಬು. ಮರಾಠಿ ಮಾತಾಡುತ್ತಿದ್ದರು. ಉಳಿದ ಯೆಹೂದಿ ಲೋಕದ ಜತೆ ಬಹುಕಾಲ ಅವರಿಗೆ ಸಂಪರ್ಕವೇ ಇರಲಿಲ್ಲ. ಆದರೂ ಶನಿವಾರ ಅವರ ಗಾಣ ತಿರುಗುತ್ತಿರಲಿಲ್ಲ. ನೆರೆಯ ಹಳ್ಳಿಗರು ಅವರನ್ನು ಶನಿವಾರ ತೇಲಿ ಎಂದೇ ಕರೆದರು. ಎಷ್ಟೋ ಪ್ರಾರ್ಥನೆಗಳು ಮರೆತುಹೋದವು. ಗಾಣ ನಿಲ್ಲಿಸುವ ದಿನ ಮರೆಯಲಿಲ್ಲ.

ಮನೆಯ ಮಾತಾಯಿತು. ಸಬ್ಬತ್ ಒಂದು ಕುಟುಂಬವನ್ನು ಮೇಜಿನ ಸುತ್ತ ಕೂರಿಸುತ್ತದೆ ಎಂದು ಕೇಳಿದೆವು. ಅದೇ ನಿಯಮ ಮನೆಯ ಹೊರಗೆ ಇನ್ನೊಂದು ಕೆಲಸ ಮಾಡುತ್ತದೆ.

ಶನಿವಾರ ಕಾರು ಹತ್ತುವಂತಿಲ್ಲ. ಸಿನಗಾಗ್‌ಗೆ ನಡೆದೇ ಹೋಗಬೇಕು. ನಡೆದು ಹೋಗಬೇಕಾದರೆ ಮನೆ ಹತ್ತಿರ ಇರಬೇಕು. ಹೀಗೆ ಒಂದು ಸಿನಗಾಗ್‌ನ ಸುತ್ತ ನೂರಾರು ಮನೆಗಳು ತಾವಾಗಿ ಕೂಡಿಕೊಳ್ಳುತ್ತವೆ. ದೊಡ್ಡ ನಗರದಲ್ಲಿ ಪಕ್ಕದ ಮನೆಯವರ ಹೆಸರೂ ಗೊತ್ತಿರುವುದಿಲ್ಲ. ಇಲ್ಲಿ ಶನಿವಾರ ಬೆಳಿಗ್ಗೆ ಬೀದಿಯ ತುಂಬ ಪರಿಚಿತರೇ ನಡೆಯುತ್ತಿರುತ್ತಾರೆ. ಯಾರ ಮಗು ಹುಷಾರಿಲ್ಲ, ಯಾರ ಕೆಲಸ ಹೋಯಿತು, ಯಾರು ಈ ವಾರ ಬರಲಿಲ್ಲ ಎಂಬುದು ದಾರಿಯಲ್ಲೇ ತಿಳಿಯುತ್ತದೆ.

ಒಂದು ತೊಡಕಿತ್ತು. ಸಬ್ಬತ್ತಿನಲ್ಲಿ ಬೀದಿಯಲ್ಲಿ ಏನನ್ನೂ ಹೊತ್ತು ನಡೆಯುವಂತಿಲ್ಲ. ಕೈಗೂಸನ್ನು ತಳ್ಳುಗಾಡಿಯಲ್ಲಿ ಕೂರಿಸಿ ತಳ್ಳುವಂತೆಯೂ ಇಲ್ಲ. ಹಾಗಾಗಿ ಎಳೆ ಮಕ್ಕಳ ತಾಯಂದಿರು, ಗಾಲಿಕುರ್ಚಿಯಲ್ಲಿ ಇರುವವರು ಶನಿವಾರ ಮನೆಯಲ್ಲೇ ಉಳಿಯುತ್ತಿದ್ದರು. ಇದಕ್ಕೆ ಯೆಹೂದಿ ಶಾಸ್ತ್ರದಲ್ಲೇ ಒಂದು ಪರಿಹಾರ ಇದೆ. ಅದರ ಹೆಸರು ಏರೂವ್. ಒಂದು ಪ್ರದೇಶದ ಸುತ್ತ ಎಲ್ಲೆ ಗುರುತಿಸಿದರೆ ಅಷ್ಟೂ ಜಾಗ ಎಲ್ಲರ ಒಂದೇ ಅಂಗಳ ಎಂದು ಎಣಿಕೆಯಾಗುತ್ತದೆ. ಲಂಡನ್ನಿನ ವಾಯವ್ಯ ಭಾಗದಲ್ಲಿ ಇಂಥ ಎಲ್ಲೆ 2003ರಲ್ಲಿ ಜಾರಿಗೆ ಬಂತು. ಸುತ್ತಳತೆ ಸುಮಾರು 18 ಕಿಲೋಮೀಟರ್. ಇದ್ದ ಬೇಲಿ, ರೈಲು ಹಳಿಯ ದಿಬ್ಬ ಇವನ್ನೇ ಬಳಸಿಕೊಂಡರು. ಇಲ್ಲದ ಕಡೆ ಕಂಬ ನೆಟ್ಟು ಕಣ್ಣಿಗೆ ಕಾಣದಷ್ಟು ತೆಳುವಾದ ತಂತಿ ಎಳೆದರು. ಅದಕ್ಕೆ ಮೊದಲು ಹತ್ತು ವರ್ಷಕ್ಕೂ ಹೆಚ್ಚು ವಾದ ನಡೆಯಿತು. ವಿರೋಧಿಸಿದವರಲ್ಲಿ ಯೆಹೂದಿಗಳೂ ಇದ್ದರು. ಆರಂಭವಾದ ಮೇಲೆ ಶನಿವಾರ ಬೆಳಿಗ್ಗೆ ಆ ಬೀದಿಗಳಲ್ಲಿ ತಳ್ಳುಗಾಡಿಗಳು ಕಾಣಿಸಿಕೊಂಡವು.

ಮೇಜು ಮತ್ತು ಬೀದಿ ಎರಡನ್ನೂ ನೋಡಿದೆವು. ಮೂರನೆಯದು ಶಾಲೆ. ಸ್ಯಾಕ್ಸ್ ಅತಿ ಹೆಚ್ಚು ಶ್ರಮ ಹಾಕಿದ್ದು ಇಲ್ಲಿ.

ಬೈಬಲಿನ ವಿಮೋಚನಕಾಂಡದ ಒಂದು ಸಂಗತಿಯನ್ನು ಅವರು ಮತ್ತೆ ಮತ್ತೆ ಎತ್ತಿ ತೋರಿಸುತ್ತಿದ್ದರು. ಇಸ್ರಾಯೇಲ್ಯರು ಗುಲಾಮಗಿರಿಯಿಂದ ಬಿಡುಗಡೆಯಾಗುವ ಹೊತ್ತು. ನಾಯಕ ಮೋಶೆ ಜನರ ಎದುರು ನಿಂತಿದ್ದಾನೆ. ಸ್ವಾತಂತ್ರ್ಯದ ಬಗ್ಗೆ ಮಾತಾಡಬಹುದಿತ್ತು. ಮುಂದಿನ ನಾಡಿನ ಬಗ್ಗೆ, ದಾರಿಯ ಕಷ್ಟದ ಬಗ್ಗೆ ಹೇಳಬಹುದಿತ್ತು. ಅವನು ಮಕ್ಕಳ ಬಗ್ಗೆ ಮಾತಾಡಿದ. ನಾಳೆ ನಿಮ್ಮ ಮಕ್ಕಳು ಕೇಳಿದಾಗ ಏನು ಹೇಳುತ್ತೀರಿ ಎಂಬ ವಿಷಯ ಒಂದಲ್ಲ, ಮೂರು ಸಲ ಅಲ್ಲಿ ಬರುತ್ತದೆ. ಇವತ್ತಿಗೂ ಆ ಬಿಡುಗಡೆಯನ್ನು ನೆನೆಯುವ ಪಸ್ಕ ಹಬ್ಬದ ರಾತ್ರಿ ಊಟದ ಮೇಜಿನಲ್ಲಿ ಕಥೆ ಶುರುವಾಗುವುದು ಮನೆಯ ಅತಿ ಕಿರಿಯ ಮಗುವಿನ ಪ್ರಶ್ನೆಗಳಿಂದ. ಈ ರಾತ್ರಿ ಉಳಿದ ರಾತ್ರಿಗಳಿಗಿಂತ ಏಕೆ ಬೇರೆ ಎಂದು ಮಗು ಕೇಳಬೇಕು. ಆಮೇಲೆ ಹಿರಿಯರು ಐಗುಪ್ತದ ಕಥೆ ಹೇಳಬೇಕು. ಕೇಳುವ ಮಗು ಇಲ್ಲದಿದ್ದರೆ ಹೆಂಡತಿ ಕೇಳಬೇಕು. ಒಬ್ಬನೇ ಇದ್ದರೆ ತನ್ನನ್ನು ತಾನೇ ಕೇಳಿಕೊಳ್ಳಬೇಕು.

ತಾಲ್ಮುದ್‌ನಲ್ಲಿ ಯೆಹೋಶುವ ಬೆನ್ ಗಮ್ಲಾ ಎಂಬ ಮಹಾಯಾಜಕನ ಹೆಸರಿದೆ. ಕ್ರಿಸ್ತಶಕ ಮೊದಲನೆಯ ಶತಮಾನದವನು. ಊರೂರಿಗೂ ಶಿಕ್ಷಕರನ್ನು ನೇಮಿಸಬೇಕು, ಆರೇಳು ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸಬೇಕು ಎಂಬ ವ್ಯವಸ್ಥೆ ಮಾಡಿದ. ತಂದೆ ಇಲ್ಲದ ಮಕ್ಕಳು ಓದಿನಿಂದ ತಪ್ಪಿಹೋಗುತ್ತಿದ್ದರು ಎಂಬುದು ಅದಕ್ಕೆ ಕಾರಣ. ಒಬ್ಬ ಶಿಕ್ಷಕನಿಗೆ 25 ಮಕ್ಕಳು, 40 ಆದರೆ ಒಬ್ಬ ಸಹಾಯಕ ಎಂಬ ಲೆಕ್ಕವನ್ನೂ ತಾಲ್ಮುದ್ ಕೊಡುತ್ತದೆ. ಎಷ್ಟೋ ದೇಶಗಳು ಇವತ್ತಿಗೂ ಆ ಲೆಕ್ಕ ಮುಟ್ಟಿಲ್ಲ. ದೇಶವನ್ನು ಸೈನ್ಯ ಕಾಯಬಹುದು, ಒಂದು ಜನಾಂಗದ ಬದುಕಿನ ರೀತಿಯನ್ನು ಶಾಲೆಯೇ ಕಾಯಬೇಕು ಎಂಬ ಸ್ಯಾಕ್ಸ್ ಅವರ ನಂಬಿಕೆಗೆ ಬೇರು ಇಲ್ಲಿದೆ.

1994ರಲ್ಲಿ ಅವರು ಒಂದು ಪುಸ್ತಕ ಬರೆದರು. ನಮ್ಮ ಮೊಮ್ಮಕ್ಕಳು ಯೆಹೂದಿಗಳಾಗಿ ಉಳಿಯುತ್ತಾರೆಯೇ ಎಂಬ ಪ್ರಶ್ನೆಯೇ ಅದರ ಹೆಸರು. ಮನೆಯ ಹಿರಿಯರು ಒಳಗೊಳಗೇ ಕೇಳಿಕೊಳ್ಳುತ್ತಿದ್ದ ಪ್ರಶ್ನೆಯನ್ನು ಅವರು ಮುಖಪುಟದ ಮೇಲೆ ಇಟ್ಟರು. ಹೊರಗಿನವರನ್ನು ಮದುವೆಯಾಗುವವರು ಹೆಚ್ಚುತ್ತಿದ್ದರು, ಸಿನಗಾಗ್‌ಗೆ ಬರುವವರು ಕಡಿಮೆಯಾಗುತ್ತಿದ್ದರು. ಹಿಟ್ಲರನ ಕಾಲದ ಅರವತ್ತು ಲಕ್ಷ ಸಾವುಗಳನ್ನು ನೆನೆಯುವುದೊಂದರಿಂದಲೇ ಮಕ್ಕಳನ್ನು ಉಳಿಸಿಕೊಳ್ಳಲಾಗದು, ಅವರಿಗೆ ಸಂತೋಷದ ಕಾರಣವೂ ಬೇಕು ಎಂಬುದು ಅವರ ನಿಲುವು. ಅವರ ಅಧಿಕಾರದ ವರ್ಷಗಳಲ್ಲಿ ಬ್ರಿಟನ್ನಿನ ಯೆಹೂದಿ ಶಾಲೆಗಳಲ್ಲಿ ಓದುವ ಮಕ್ಕಳ ಸಂಖ್ಯೆ ಎರಡು ಪಟ್ಟಿಗೂ ಹೆಚ್ಚಾಯಿತು. ಅದೆಲ್ಲ ಅವರೊಬ್ಬರ ಸಾಧನೆ ಎನ್ನುವಂತಿಲ್ಲ. ಕಟ್ಟಾ ಸಂಪ್ರದಾಯಸ್ಥರ ಮನೆಗಳಲ್ಲಿ ಮಕ್ಕಳು ಹೆಚ್ಚು ಎಂಬುದೂ ಒಂದು ಕಾರಣ. ಆದರೆ ಶಾಲೆ ಕಟ್ಟಲು ಹಣ ಕೊಡಿ ಎಂದು ಸಿರಿವಂತರ ಬಾಗಿಲು ತಟ್ಟಿದವರಲ್ಲಿ ಅವರು ಮುಂದಿದ್ದರು.

ಮೇಜು, ಬೀದಿ, ಶಾಲೆ. ಈ ಮೂರನ್ನೂ ಕಟ್ಟಿ ಹಿಡಿಯುವ ಇನ್ನೊಂದು ಸಂಗತಿ ಇದೆ. ಕಷ್ಟದಲ್ಲಿ ಯಾರನ್ನೂ ಒಂಟಿಯಾಗಿ ಬಿಡಬಾರದು ಎಂಬ ಕಟ್ಟಳೆ.

ಯೆಹೂದಿ ಸಂಪ್ರದಾಯದಲ್ಲಿ ಕೆಲವು ಪ್ರಾರ್ಥನೆಗಳನ್ನು ಒಬ್ಬನೇ ಹೇಳುವಂತಿಲ್ಲ. ಹತ್ತು ಜನ ಸೇರಬೇಕು. ತಂದೆ ಅಥವಾ ತಾಯಿ ತೀರಿಕೊಂಡರೆ ಮಗ 11 ತಿಂಗಳು ಪ್ರತಿದಿನ ಕಡ್ಡಿಶ್ ಎಂಬ ಪ್ರಾರ್ಥನೆ ಹೇಳುತ್ತಾನೆ. ಅದರಲ್ಲಿ ಸಾವಿನ ಮಾತೇ ಇಲ್ಲ. ದೇವರ ಹೆಸರು ದೊಡ್ಡದಾಗಲಿ ಎಂಬ ಸ್ತುತಿ ಮಾತ್ರ. ಅದಕ್ಕೂ ಹತ್ತು ಜನ ಬೇಕು. ಅಂದರೆ ದುಃಖದಲ್ಲಿರುವವನು ದಿನವೂ ಮನೆಯಿಂದ ಹೊರಬರಲೇಬೇಕು. ಅವನಿಗಾಗಿ ಇನ್ನೂ ಒಂಬತ್ತು ಮಂದಿ ಬರಲೇಬೇಕು. ಮೊದಲ ಏಳು ದಿನ ಮಾತ್ರ ಇದು ತಿರುವುಮುರುವು. ಆಗ ದುಃಖಿತರು ಮನೆಯಲ್ಲೇ ತಗ್ಗಿನ ಪೀಠದ ಮೇಲೆ ಕೂರುತ್ತಾರೆ. ಸಮುದಾಯವೇ ಅವರ ಮನೆಗೆ ಬರುತ್ತದೆ. ಶವಸಂಸ್ಕಾರ ಮುಗಿಸಿ ಬಂದವರಿಗೆ ಮೊದಲ ಊಟ ನೆರೆಯವರದ್ದೇ ಆಗಬೇಕು. ಬಂದವರು ತಾವಾಗಿ ಮಾತು ತೆಗೆಯುವುದಿಲ್ಲ. ದುಃಖಿತರು ಮಾತಾಡುವವರೆಗೆ ಸುಮ್ಮನೆ ಜತೆಗೆ ಕೂರುತ್ತಾರೆ.

ದಾನದ ವಿಷಯಕ್ಕೂ ಇಂಥದೇ ಎಚ್ಚರ ಇದೆ. ಹನ್ನೆರಡನೆಯ ಶತಮಾನದ ಮೈಮೊನಿಡಿಸ್ ಈಜಿಪ್ಟಿನಲ್ಲಿ ವೈದ್ಯನಾಗಿದ್ದ ಮಹಾ ವಿದ್ವಾಂಸ. ಅವನು ದಾನಕ್ಕೆ ಎಂಟು ಮೆಟ್ಟಿಲು ಹೇಳಿದ. ಗೊಣಗುತ್ತಾ ಕೊಡುವುದು ಕೆಳಗಿನದು. ಕೊಟ್ಟವನು ಯಾರೆಂದು ಪಡೆದವನಿಗೆ, ಪಡೆದವನು ಯಾರೆಂದು ಕೊಟ್ಟವನಿಗೆ ತಿಳಿಯದಿರುವುದು ಬಹಳ ಮೇಲಿನದು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು, ಕೆಲಸ ಕೊಡಿಸಿ ಅಥವಾ ಪಾಲುದಾರನನ್ನಾಗಿ ಮಾಡಿಕೊಂಡು, ಇನ್ನೊಬ್ಬರ ಎದುರು ಕೈಚಾಚದಂತೆ ಮಾಡುವುದು. ಇನ್ನೊಂದು ಕಟ್ಟಳೆ ಸ್ಯಾಕ್ಸ್ ಅವರಿಗೆ ತುಂಬ ಪ್ರಿಯ. ದಾನದಿಂದ ಬದುಕುವ ಬಡವನೂ ತನ್ನ ಪಾಲಿನಿಂದ ಸ್ವಲ್ಪ ದಾನ ಮಾಡಬೇಕು. ಲೆಕ್ಕ ನೋಡಿದರೆ ಇದರಿಂದ ಏನೂ ಸಿಗುವುದಿಲ್ಲ. ಕೊಡುವುದು ಮನುಷ್ಯನ ಘನತೆಯ ಭಾಗ, ಬಡವನಿಂದ ಅದನ್ನು ಕಸಿಯಬಾರದು ಎಂದು ಸ್ಯಾಕ್ಸ್ ವಿವರಿಸುತ್ತಿದ್ದರು.

ಲಂಡನ್ನಿನ ಪೂರ್ವಭಾಗದಲ್ಲಿ ಬ್ರೂನ್ ಸ್ಟ್ರೀಟ್ ಎಂಬ ಬೀದಿ ಇದೆ. ಅಲ್ಲಿ 1902ರಲ್ಲಿ ಕಟ್ಟಿದ ಒಂದು ಕಟ್ಟಡದ ನೆತ್ತಿಯ ಮೇಲೆ, ಯೆಹೂದಿ ಬಡವರ ಗಂಜಿಕೇಂದ್ರ ಎಂಬ ಅರ್ಥದ ಇಂಗ್ಲಿಷ್ ಅಕ್ಷರಗಳು ಇವತ್ತಿಗೂ ಇವೆ. 1880ರ ದಶಕದಿಂದ ರಷ್ಯಾ ಕಡೆಯಿಂದ ಲಕ್ಷಕ್ಕೂ ಹೆಚ್ಚು ಯೆಹೂದಿಗಳು ಬ್ರಿಟನ್ನಿಗೆ ಬಂದರು. ಸರ್ಕಾರದ ನೆರವು ಹೆಸರಿಗೆ ಮಾತ್ರ ಇದ್ದ ಕಾಲ ಅದು. ಮೊದಲೇ ಬಂದು ನೆಲೆನಿಂತವರು ಹೊಸಬರಿಗೆ ಊಟ ಹಾಕಿದರು, ಶಾಲೆ ನಡೆಸಿದರು, ಬಡ್ಡಿಯಿಲ್ಲದ ಸಾಲ ಕೊಟ್ಟರು. 2009ರಲ್ಲಿ ಬ್ರಿಟನ್ನಿನ ಮೇಲ್ಮನೆಗೆ ನೇಮಕವಾದಾಗ ಸ್ಯಾಕ್ಸ್ ತಮ್ಮ ಬಿರುದಿನ ಜತೆ ಆಲ್ಡ್‌ಗೇಟ್ ಎಂಬ ಹೆಸರು ಇಟ್ಟುಕೊಂಡರು. ಅದೂ ಆ ಪೂರ್ವಭಾಗದ್ದೇ ನೆಲ.

ಇಷ್ಟು ಕೇಳಿದವರಿಗೆ ಒಂದು ಪ್ರಶ್ನೆ ಏಳಬೇಕು. ಈ ಮೇಜಿಗೆ ಎಲ್ಲರೂ ಬರಬಹುದೇ?

ಇಲ್ಲಿ ನಡೆದ ಸಂಗತಿ ಮುಚ್ಚಿಡುವಂಥದಲ್ಲ. 1996ರಲ್ಲಿ ಹ್ಯೂಗೊ ಗ್ರಿನ್ ತೀರಿಕೊಂಡರು. ಅವರು ನಾಜಿಗಳ ಆಷ್‌ವಿಟ್ಜ್ ಶಿಬಿರದಿಂದ ಬದುಕಿ ಬಂದವರು, ಸುಧಾರಣಾ ಪಂಥದ ರಬ್ಬಿ, ರೇಡಿಯೊದಲ್ಲಿ ಇಡೀ ದೇಶಕ್ಕೆ ಪ್ರಿಯರಾದವರು. ಸ್ಯಾಕ್ಸ್ ಸಂಪ್ರದಾಯ ಪಂಥದವರು. ಅಂತ್ಯಕ್ರಿಯೆಗೆ ಅವರು ಹೋಗಲಿಲ್ಲ. ಮುಂದೆ ಸ್ಮರಣೆಯ ಸಭೆಗೆ ಹೋಗಿ ಮಾತಾಡಿದರು. ಆದರೆ ಅದನ್ನು ಸಮರ್ಥಿಸಿಕೊಳ್ಳಲು ಇನ್ನೊಬ್ಬ ರಬ್ಬಿಗೆ ಬರೆದ ಖಾಸಗಿ ಪತ್ರ ಪತ್ರಿಕೆಗೆ ಸಿಕ್ಕಿತು. ಅದರಲ್ಲಿ ಸುಧಾರಣಾ ಪಂಥದ ಬಗ್ಗೆ ಕಠಿಣ ಮಾತುಗಳಿದ್ದವು. ಬಹಳ ಜನರಿಗೆ ನೋವಾಯಿತು. 2002ರಲ್ಲಿ ಅವರು ಭಿನ್ನತೆಯ ಘನತೆಯನ್ನು ಕುರಿತು ಪುಸ್ತಕ ಬರೆದಾಗ ಪೆಟ್ಟು ಇನ್ನೊಂದು ಕಡೆಯಿಂದ ಬಂತು. ದೇವರ ಸತ್ಯವೆಲ್ಲ ಒಂದೇ ಧರ್ಮದ ಕೈಯಲ್ಲಿಲ್ಲ ಎಂಬ ಅರ್ಥದ ಸಾಲುಗಳನ್ನು ಕಟ್ಟಾ ಸಂಪ್ರದಾಯಸ್ಥ ರಬ್ಬಿಗಳು ಒಪ್ಪಲಿಲ್ಲ. ಮರುವರ್ಷದ ಆವೃತ್ತಿಯಲ್ಲಿ ಸ್ಯಾಕ್ಸ್ ಆ ಸಾಲುಗಳನ್ನು ತಿದ್ದಿದರು. ತಿದ್ದಬಾರದಿತ್ತು ಎಂದು ಅವರ ಅಭಿಮಾನಿಗಳೇ ಹೇಳಿದ್ದುಂಟು. ಆ ಮಾತಿನಲ್ಲಿ ನ್ಯಾಯವಿದೆ.

ಹೆಂಗಸರ ವಿಷಯವೂ ಇದೆ. ಸಂಪ್ರದಾಯ ಪಂಥದಲ್ಲಿ ಆ ಹತ್ತು ಜನರ ಲೆಕ್ಕಕ್ಕೆ ಹೆಂಗಸರು ಸೇರುವುದಿಲ್ಲ. ವಿಚ್ಛೇದನದ ಪತ್ರವನ್ನು ಗಂಡನೇ ಕೊಡಬೇಕು. ಕೊಡದೆ ಸತಾಯಿಸಿದರೆ ಹೆಂಡತಿ ಮರುಮದುವೆಯಾಗುವಂತಿಲ್ಲ. ಸ್ಯಾಕ್ಸ್ ಪೀಠಕ್ಕೆ ಬಂದ ಹೊಸತರಲ್ಲೇ ಹೆಂಗಸರ ಸ್ಥಿತಿಯ ಸಮೀಕ್ಷೆ ಮಾಡಿಸಿದರು. ರೋಸಲಿಂಡ್ ಪ್ರೆಸ್ಟನ್ ಅದರ ನೇತೃತ್ವ ವಹಿಸಿ 1994ರಲ್ಲಿ ವರದಿ ಕೊಟ್ಟರು. 2002ರಲ್ಲಿ ಬ್ರಿಟನ್ನಿನ ಸಂಸತ್ತು ಒಂದು ಕಾನೂನು ಮಾಡಿತು. ಧಾರ್ಮಿಕ ವಿಚ್ಛೇದನ ಸಿಗುವವರೆಗೆ ನ್ಯಾಯಾಲಯ ತನ್ನ ಅಂತಿಮ ಆದೇಶವನ್ನು ತಡೆಹಿಡಿಯಬಹುದು ಎಂಬ ಅವಕಾಶ ಅದರಲ್ಲಿದೆ. ಕೆಲವರಿಗೆ ಬಿಡುಗಡೆ ಸಿಕ್ಕಿತು. ಸಮಸ್ಯೆ ಪೂರ್ತಿ ತೀರಲಿಲ್ಲ.

ಮನೆ, ನೆರೆ, ಶಾಲೆ, ಆಸರೆ, ಅವುಗಳ ಒಳಗಿನ ಕೊರತೆ. ಇದುವರೆಗೆ ಯೆಹೂದಿಗಳ ಮಾತಾಯಿತು. ಸ್ಯಾಕ್ಸ್ ಇದನ್ನು ಉಳಿದವರಿಗೂ ಹೇಳಿದರು.

2007ರ ಒಂದು ಪುಸ್ತಕದಲ್ಲಿ ಅವರು ವಲಸಿಗರನ್ನು ಮೂರು ಬಗೆಯಲ್ಲಿ ಇರಿಸಿಕೊಳ್ಳಬಹುದು ಎಂದರು. ದೊಡ್ಡ ಬಂಗಲೆಯ ಅತಿಥಿಗಳ ಹಾಗೆ, ಅಲ್ಲಿ ಯಜಮಾನ ಬೇರೆ. ಹೋಟೆಲಿನ ಕೋಣೆಯವರ ಹಾಗೆ, ಅಲ್ಲಿ ದುಡ್ಡು ಕೊಟ್ಟರಾಯಿತು, ಯಾರಿಗೆ ಯಾರೂ ಬೇಕಿಲ್ಲ. ಇಲ್ಲವೇ ಎಲ್ಲರೂ ಕೈಸೇರಿಸಿ ಕಟ್ಟುವ ಮನೆಯವರ ಹಾಗೆ. ಮೂರನೆಯದೇ ಸರಿ ಎಂಬುದು ಅವರ ತೀರ್ಮಾನ. ಕಟ್ಟಿದವನಿಗೆ ಮನೆ ತನ್ನದು ಅನ್ನಿಸುತ್ತದೆ. 2020ರಲ್ಲಿ ಕೊನೆಯ ದೊಡ್ಡ ಪುಸ್ತಕ ಹೊರಬಂತು. ನೀತಿಯೇ ಅದರ ವಿಷಯ. ನಾನು, ನನ್ನದು ಎನ್ನುವ ಸಮಾಜ ನಾವು ಎನ್ನುವುದನ್ನು ಮತ್ತೆ ಕಲಿಯಬೇಕು ಎಂದು ಅದರಲ್ಲಿ ವಾದಿಸಿದರು.

ಅದೇ ವರ್ಷ ಕೊರೊನಾ ಬಂತು. ಸಿನಗಾಗ್‌ಗಳು ಮುಚ್ಚಿದವು. ಹತ್ತು ಜನ ಸೇರಲಾಗದೆ ಕಡ್ಡಿಶ್ ನಿಂತುಹೋದ ಮನೆಗಳೆಷ್ಟೋ. ಆ ನವೆಂಬರ್ 7ರ ಶನಿವಾರ, ಸಬ್ಬತ್ತಿನ ದಿನ, ಕ್ಯಾನ್ಸರಿನಿಂದ ಸ್ಯಾಕ್ಸ್ ತೀರಿಕೊಂಡರು. 72 ವರ್ಷ. ಇಂಗ್ಲೆಂಡಿನಲ್ಲಿ ಎರಡನೆಯ ಲಾಕ್‌ಡೌನ್ ಆಗಷ್ಟೇ ಶುರುವಾಗಿತ್ತು. ಅಂತ್ಯಕ್ರಿಯೆಗೆ 30 ಜನಕ್ಕಿಂತ ಹೆಚ್ಚು ಸೇರುವಂತಿರಲಿಲ್ಲ. ಪತ್ನಿ ಇಲೇನ್, ಮೂವರು ಮಕ್ಕಳು, ಮೊಮ್ಮಕ್ಕಳು ಅವರ ಹಿಂದೆ ಉಳಿದರು.

ಕೇಳುಗರೇ, 1990ರಲ್ಲಿ ಸ್ಯಾಕ್ಸ್ ಬಿಬಿಸಿಯ ರೀತ್ ಉಪನ್ಯಾಸ ಮಾಲೆಯಲ್ಲಿ ಆರು ಭಾಷಣ ಮಾಡಿದ್ದರು. ನಂಬಿಕೆ ಹೇಗೆ ಉಳಿದು ಬಂತು ಎಂಬುದು ಅವುಗಳ ವಿಷಯ. ಮೂರನೆಯದು ಕುಟುಂಬದ ಬಗ್ಗೆ. ಆರನೆಯದು ಹಲವು ಸಮುದಾಯಗಳು ಕೂಡಿ ಬಾಳುವ ಬಗ್ಗೆ. ಮೂವತ್ತು ವರ್ಷ ದಾಟಿದರೂ ಅವು ಹಳತಾಗಿಲ್ಲ. ಧ್ವನಿಮುದ್ರಣ ಬಿಬಿಸಿಯ ಸಂಗ್ರಹದಲ್ಲಿದೆ. ಇಂಗ್ಲಿಷ್ ತಿಳಿಯುವವರು ಬಿಡುವು ಮಾಡಿಕೊಂಡು ಆ ಎರಡನ್ನಾದರೂ ಕೇಳಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರನ್ನೂ ಜತೆಗೆ ಕೂರಿಸಿಕೊಳ್ಳಿ. ಅವರು ಪ್ರಶ್ನೆ ಕೇಳಿದರೆ ಕೇಳಲು ಬಿಡಿ.